ಭಾವ ತೋರಿಸಿದ್ದು ಪ್ಲಗ್ಗನ್ನೇ

ನಮ್ಮ ಭಾವನ ತಲೆ ಕೆಟ್ಟಿರಲಿಲ್ಲ. ಕೆಟ್ಟಿದೆ ಎಂದು ಅವರನ್ನೇ ನಂಬಿಸಿದವನು ನಾನು. ಬೆರಳುದ್ದದ ಒಂದು ತಾಮ್ರದ ಎಳೆ, ಒಂದು ಪ್ಲಗ್ಗು, ನನ್ನ ಬಾಯಿಂದ ಬಂದ ಮೂರು ಸುಳ್ಳು — ಇಷ್ಟರಲ್ಲೇ ಕೆಲಸ ಮುಗಿಯಿತು. ಒಂದು ಭಾನುವಾರ ಬೆಳಿಗ್ಗೆ, ನಾಲ್ಕು ಜನರ ಎದುರಿಗೆ. ಇನ್ನೂ ಬೇಗ ಮುಗಿಸಬಹುದಿತ್ತು. ನಾನೇ ಎಳೆದೆ. ಎಳೆದಷ್ಟೂ ಸುಖವಾಗುತ್ತಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ಓದುತ್ತಾ ಹೋದ ಹಾಗೆ ಎಲ್ಲೋ ಒಂದು ಕಡೆ ನನ್ನ ಬಗ್ಗೆ ಅಯ್ಯೋ ಪಾಪ ಎನಿಸಬಹುದು. ಹಾಗೆ ಎನಿಸಿದರೆ ಆ ಸಾಲನ್ನು ನಂಬಬೇಡಿ.

ಭಾವ ಎಂದರೆ ನನ್ನ ಅಕ್ಕ ಸರೋಜಳ ಗಂಡ, ಕೃಷ್ಣಮೂರ್ತಿ. ಕಮ್ಮರಡಿಯಲ್ಲಿ ಆ ಹೆಸರು ಹೇಳಿದರೆ ಯಾರಿಗೂ ಗೊತ್ತಾಗುವುದಿಲ್ಲ, ಟೀವಿ ಕಿಟ್ಟಣ್ಣ ಎನ್ನಬೇಕು. ಮನೆಯ ಮುಂದಿನ ಕೋಣೆಯೇ ಅವರ ರಿಪೇರಿ ಅಂಗಡಿ. ನಮ್ಮ ಅಪ್ಪ ಅಮ್ಮ ಮೇಗುಂದದ ಕಡೆ ತೋಟಗಳಲ್ಲಿ ಕೂಲಿ ಮಾಡುತ್ತಿದ್ದರು. ನಾನು ಎಸ್ಸೆಸ್ಸೆಲ್ಸಿಯನ್ನು ಎರಡು ಸಲ ಡುಮ್ಕಿ ಹೊಡೆದು, ಬಸ್‌ಸ್ಟ್ಯಾಂಡಿನ ಕಟ್ಟೆ ಸವೆಸುತ್ತಿದ್ದೆ. ಭಾವ ಒಂದು ದಿನ ಬಂದು, "ನಡಿ ಮಾರಾಯ, ನಮ್ಮನೇಲಿ ಇರು. ಊಟ ಉಂಟು, ಕೆಲಸ ಉಂಟು. ಬೈಗುಳ ನಿಮ್ಮಕ್ಕ ಕೊಡ್ತಾಳೆ" ಎಂದು ನಗುತ್ತಾ ಕರೆದುಕೊಂಡು ಹೋದರು. ನನ್ನ ಇಪ್ಪತ್ತನೆಯ ವಯಸ್ಸಿನಿಂದ ನಾನು ತಿಂದದ್ದು ಆ ಮನೆಯ ಅನ್ನ, ಕಲಿತದ್ದು ಆ ಮೇಜಿನ ಮೇಲೆ. ಉಂಡ ಮನೆಗೆ ಎರಡು ಬಗೆಯುವುದು ಎನ್ನುತ್ತಾರಲ್ಲ — ಗಾದೆ ಕೇಳಿದಾಗಲೆಲ್ಲ ಬೇರೆ ಯಾರದೋ ಮುಖ ನೆನಪಾಗುತ್ತಿತ್ತು, ನನ್ನದಲ್ಲ.

ಮೊದಲ ದಿನವೇ ಅವರು ಕಲಿಸಿದ್ದು ಇಷ್ಟು: "ಸೆಟ್ ಬಿಚ್ಚಕ್ಕೆ ಮುಂಚೆ ಗೋಡೆ ನೋಡು. ಕರೆಂಟು ಬರೋದು ಗೋಡೆಯಿಂದ. ಸ್ವಿಚ್ಚು, ಸಾಕೆಟ್ಟು, ಪ್ಲಗ್ಗು, ವಯರು — ಆಮೇಲೆ ಸೆಟ್ಟು. ಅರ್ಧ ಜನ ಗೋಡೆ ನೋಡದೇ ಸೆಟ್ ಹಾಳು ಮಾಡ್ತಾರೆ." ಇನ್ನೊಂದು, ಸೀರೀಸ್ ಬಲ್ಬು. ಒಂದು ಹಲಗೆ, ಅದರ ಮೇಲೊಂದು ಸಾಕೆಟ್ಟು, ಸಾಕೆಟ್ಟಿಗೆ ಹೋಗುವ ಕರೆಂಟಿನ ದಾರಿಯಲ್ಲೇ ನೂರು ವ್ಯಾಟಿನ ಹಳೇ ಕಾಲದ ಬಲ್ಬು. ಕೆಟ್ಟ ಟೀವಿಯನ್ನು ನೇರ ಗೋಡೆಗೆ ಹಾಕಬಾರದು, ಇದಕ್ಕೆ ಹಾಕಬೇಕು. ಬಲ್ಬು ಮಿಂಚಿ ಮಂದವಾದರೆ ಸೆಟ್ಟಿನ ಕರೆಂಟಿನ ಭಾಗ ಹೆಚ್ಚುಕಮ್ಮಿ ಸರಿ ಇದೆ. ಹತ್ತಲೇ ಇಲ್ಲವೆಂದರೆ ಎಲ್ಲೋ ತಂತಿಯೋ ಫ್ಯೂಸೋ ಕಡಿದಿದೆ. ಪೂರ್ತಿ ಉರಿದರೆ ಎಲ್ಲೋ ಶಾರ್ಟ್ ಆಗಿದೆ. ಇಷ್ಟು ಗೊತ್ತಿದ್ದರೆ ಮುಂದಿನ ಕಥೆಗೆ ಸಾಕು.

ಹತ್ತು ವರ್ಷದ ಹಿಂದೆ, ಕೊಪ್ಪಕ್ಕೆ ಹೋಗುವ ಬಸ್ಸು ಹತ್ತುವಾಗ ಭಾವ ಕುಸಿದು ಬಿದ್ದರು. ಲಕ್ವ. ಬಲಗೈ ಬಲಗಾಲು ಹೋದವು, ಮಾತೂ ಹೋಯಿತು. ಒಂದೇ ಒಂದು ಪದ ಉಳಿಯಿತು — "ಅದೇ." ನೀರು ಬೇಕೆಂದರೂ ಅದೇ, ಬೇಡವೆಂದರೂ ಅದೇ, ಅಕ್ಕನನ್ನು ಕರೆಯುವುದಕ್ಕೂ ಅದೇ. ನಾವು ಹೇಳಿದ್ದೆಲ್ಲ ಅವರಿಗೆ ಅರ್ಥವಾಗುತ್ತಿತ್ತು. ತಾವು ಹೇಳಬೇಕಾದ್ದೂ ತಲೆಯಲ್ಲಿ ಸರಿಯಾಗಿಯೇ ಇರುತ್ತಿತ್ತು. ಬಾಯಿಗೆ ಬರುವಾಗ ಮಾತ್ರ ಎಲ್ಲವೂ ಆ ಒಂದೇ ಪದವಾಗಿ ಬರುತ್ತಿತ್ತು. ತಾನು ಅಂದುಕೊಂಡದ್ದು ಒಂದು, ಬಾಯಿ ಆಡಿದ್ದು ಇನ್ನೊಂದು ಎಂದು ಅವರಿಗೇ ಕೇಳಿಸುತ್ತಿತ್ತು. ಆಗ ಅವರ ಕಣ್ಣು ನೋಡಬೇಕಿತ್ತು.

ಆರು ತಿಂಗಳು ಮೂಲೆಯ ಕುರ್ಚಿಯಲ್ಲಿ ಸುಮ್ಮನೆ ಕೂತಿದ್ದರು. ಅಂಗಡಿ ನಾನೊಬ್ಬನೇ ನೋಡಿಕೊಳ್ಳುತ್ತಿದ್ದೆ. ಆಗ ಒಂದು ಸೆಟ್ಟು ಬಂತು. ಕೆಂಪು ದೀಪ ಹತ್ತುತ್ತದೆ, ಒಳಗೆ ಟಿಕ್ ಟಿಕ್ ಎನ್ನುತ್ತದೆ, ಆರುತ್ತದೆ. ಮೂರು ದಿನ ತಲೆ ಕೆರೆದುಕೊಂಡೆ. ನಾಲ್ಕನೆಯ ದಿನ ಭಾವ ಎಡಗೈಯಲ್ಲಿ ಗೋಡೆ ಹಿಡಿದು, ಕಾಲು ಎಳೆಯುತ್ತಾ ಮೇಜಿನ ಹತ್ತಿರ ಬಂದು ಕಿವಿ ಕೊಟ್ಟು ಕೇಳಿದರು. ನಾನು ಆಟಕ್ಕೆ ಎನ್ನುವ ಹಾಗೆ ಟೆಸ್ಟರಿನ ತುದಿಯನ್ನು ಬೋರ್ಡಿನ ಮೇಲೆ ನಿಧಾನವಾಗಿ ಓಡಿಸುತ್ತಾ ಹೋದೆ. ಒಂದು ಸಾಸಿವೆಯಂಥ ಡಯೋಡಿನ ಹತ್ತಿರ ಬಂದಾಗ ಮೇಜು ಗುದ್ದಿ, "ಅದೇ!" ಎಂದರು. ಬದಲಾಯಿಸಿದೆ. ಟೀವಿ ಹತ್ತಿತು. ಅಕ್ಕ ಒಳಗಿನಿಂದ ಓಡಿಬಂದು, ಬಾಗಿಲಲ್ಲೇ ನಿಂತು, ಸೆರಗು ಬಾಯಿಗಿಟ್ಟುಕೊಂಡು ಅತ್ತಳು.

ಆಮೇಲೆ ದಿನವೂ ಅದೇ ಕ್ರಮ. ಭಾವ ಬಲ್ಬು ನೋಡುತ್ತಿದ್ದರು, ಸದ್ದು ಕೇಳುತ್ತಿದ್ದರು, ಬೋರ್ಡು ಮೂಸುತ್ತಿದ್ದರು. ನಾನು ಟೆಸ್ಟರು ಓಡಿಸುತ್ತಿದ್ದೆ. ಅವರು ಎಡಗೈಯಲ್ಲಿ ತೋರಿಸಿ "ಅದೇ" ಎನ್ನುತ್ತಿದ್ದರು. ಆ ಕೈಸನ್ನೆಯ ಅರ್ಥವನ್ನು ಬಂದವರಿಗೆ ಹೇಳುವವನು ನಾನು. ಭೂತದ ದರ್ಶನದಲ್ಲಿ ಮೈಮೇಲೆ ಬಂದ ಪಾತ್ರಿಯ ಮಾತನ್ನು ಪಕ್ಕದವನು ಬಿಡಿಸಿ ಹೇಳುತ್ತಾನಲ್ಲ, ಹಾಗೆ. ಶಿವಮೊಗ್ಗದ ಡಾಕ್ಟರು ಅಕ್ಕನಿಗೂ ನನಗೂ ಒಟ್ಟಿಗೇ ಹೇಳಿದ್ದರು: "ಇದನ್ನು ಮಾತ್ರ ಯಾವ ಕಾರಣಕ್ಕೂ ನಿಲ್ಲಿಸಬೇಡಿ. ಅವರಿಗೆ ನಾನು ಕೊಡುವ ಮಾತ್ರೆಗಿಂತ ಇದು ದೊಡ್ಡ ಔಷಧ." ಆ ಮಾತು ನನಗೆ ಗೊತ್ತಿತ್ತು. ಗೊತ್ತಿದ್ದೂ ಮಾಡಿದೆ ಎಂಬುದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಕೆಟ್ಟ ಟೀವಿ ತರುವ ನೆಪದಲ್ಲಿ ಜನ ಭಾವನನ್ನು ನೋಡಲು ಬರತೊಡಗಿದರು. "ಮಾತು ಬಿಟ್ಟರೂ ಕಿಟ್ಟಣ್ಣ ಟೀವಿ ಬಿಡಲಿಲ್ಲ ನೋಡಿ" ಎಂದು ಕೊಪ್ಪದವರೆಗೂ ಸುದ್ದಿ. ನನ್ನ ಸುದ್ದಿ ಯಾರಿಗೆ ಬೇಕಿತ್ತು? ಒಂದು ಸಲ ಶೃಂಗೇರಿಯ ಒಂದು ಲಾಡ್ಜಿನಲ್ಲಿ ಸಿಡಿಲು ಬಡಿದು ಒಂಬತ್ತು ಟೀವಿ ಒಟ್ಟಿಗೇ ಸತ್ತವು. ಎರಡು ದಿನ ಅಲ್ಲೇ ಇದ್ದು, ಒಬ್ಬನೇ ಕೂತು, ಒಂಬತ್ತನ್ನೂ ಎಬ್ಬಿಸಿದೆ. ಹೊರಡುವಾಗ ಮ್ಯಾನೇಜರು ಬೆನ್ನು ತಟ್ಟಿ, "ಪರವಾಗಿಲ್ಲ, ಭಾವ ಫೋನಲ್ಲೇ ಹೇಳಿಕೊಟ್ರಾ?" ಎಂದ. ಮಾತೇ ಬಾರದ ಮನುಷ್ಯ ಫೋನಿನಲ್ಲಿ ಹೇಳಿಕೊಡುತ್ತಾನೆ, ಆದರೆ ನನಗೆ ಸ್ವಂತ ಬುದ್ಧಿಯಿಂದ ಒಂದು ಫ್ಯೂಸು ಹಾಕಲು ಬರುವುದಿಲ್ಲ! ಬಸ್ಸಿನಲ್ಲಿ ಕಮ್ಮರಡಿಯವರೆಗೂ ಹಲ್ಲು ಕಡಿಯುತ್ತಾ ಬಂದೆ.

ಅದಾದ ಮೇಲೆ ಒಂದು ವಾರಕ್ಕೋ ಏನೋ — ನಮ್ಮೂರಿನ ನಿವೃತ್ತ ಮೇಷ್ಟ್ರು ಅಂಗಡಿಯಲ್ಲಿ ಕೂತಿದ್ದರು. ಹಾಸ್ಯದ ಮನುಷ್ಯ, ದ್ವೇಷವಿಲ್ಲದವರು. "ಕೈ ನಿಂದು, ತಲೆ ಅವರದ್ದು" ಎಂದರು. "ಆ ತಲೆಗೆ ನಿನ್ನ ಕೈ ಅಲ್ದಿದ್ರೆ ಇನ್ನೊಂದು ಕೈ ಸಿಗ್ತದೆ. ನಿನ್ನ ಕೈಗೆ ಬೇರೆ ತಲೆ ಎಲ್ಲಿ ಸಿಗ್ತದೆ ಮಾರಾಯ?" ಎಲ್ಲರೂ ನಕ್ಕರು. ಭಾವನೂ ನಕ್ಕರು — ಅರ್ಧ ಮುಖದಲ್ಲಿ, ಲಕ್ವ ಹೊಡೆಯದ ಅರ್ಧದಲ್ಲಿ — ನನ್ನ ತೋಳು ತಟ್ಟಿದರು. ಪ್ರೀತಿಯಿಂದಲೇ ತಟ್ಟಿದ್ದು. ಆ ಅರ್ಧ ನಗುವನ್ನು ಒರೆಸಿಹಾಕಬೇಕು ಎಂದು ನನಗೆ ಅನಿಸಿದ್ದು ಆಗ. ಸಿಟ್ಟು ಬಂದದ್ದು ಮೇಷ್ಟ್ರ ಮೇಲೆ, ತೀರಿಸಿಕೊಂಡದ್ದು ಮಾತಾಡಲಾರದವನ ಮೇಲೆ.

ಆ ಶನಿವಾರ ಮಧ್ಯಾಹ್ನ ಭಾವ ಮಲಗಿದ್ದರು, ಅಕ್ಕ ಸೊಸೈಟಿಗೆ ಹೋಗಿದ್ದಳು. ಮನೆಯ ಟೀವಿಯ ವಯರಿನ ತುದಿಗೆ ಸ್ಕ್ರೂ ಬಿಚ್ಚಿ ತೆಗೆಯುವಂಥ ಪ್ಲಗ್ಗು ಇತ್ತು, ಭಾವನೇ ಹಿಂದೊಮ್ಮೆ ಹಾಕಿದ್ದು. ಅದನ್ನು ಬಿಚ್ಚಿ, ಒಳಗೆ ಎರಡು ಕಾಲುಗಳಿಗೂ ತಾಗಿ ಅಲ್ಲೇ ಶಾರ್ಟ್ ಆಗುವ ಹಾಗೆ ಒಂದು ತಾಮ್ರದ ಎಳೆ ಸುತ್ತಿ, ಮತ್ತೆ ಮುಚ್ಚಿದೆ. ಹೊರಗಿನಿಂದ ಏನೂ ಕಾಣುವುದಿಲ್ಲ. ಎರಡು ನಿಮಿಷದ ಕೆಲಸ. ಅಷ್ಟು ಅಚ್ಚುಕಟ್ಟಾದ ಕೆಲಸವನ್ನು ನಾನು ಅದಕ್ಕೆ ಮೊದಲು ಮಾಡಿದ್ದಿಲ್ಲ.

ಸಂಜೆ ಅಕ್ಕ ಧಾರಾವಾಹಿ ನೋಡಲು ಸ್ವಿಚ್ಚು ಹಾಕಿದಳು. ಟಪ್ ಎಂದು ಮನೆಯ ಫ್ಯೂಸೇ ಹೋಯಿತು. ಫ್ಯೂಸಿಗೆ ತಂತಿ ಹಾಕಿಕೊಟ್ಟು, "ಟೀವಿ ಮುಟ್ಟಬೇಡ ಅಕ್ಕ, ಒಳಗೆ ಶಾರ್ಟ್ ಆದಂಗಿದೆ. ನಾಳೆ ಭಾವನ ಹತ್ರ ಕೇಳಾಣ" ಎಂದೆ. ಅಕ್ಕನಿಗೆ ಖುಷಿ. "ಇವರಿಗೆ ಕೆಲಸ ಸಿಕ್ಕಿತು ಬಿಡು" ಎಂದಳು. ಮೇಷ್ಟ್ರಿಗೆ ನಾನೇ ಹೋಗಿ ಹೇಳಿಬಂದೆ, ನಾಳೆ ಬೆಳಿಗ್ಗೆ ಬನ್ನಿ, ನಮ್ಮ ಮನೆಯ ಟೀವಿಯೇ ಹೋಗಿದೆ, ಭಾವ ನೋಡ್ತಾರೆ ಎಂದು. ಎದುರಿನ ಚಪ್ಪಲಿ ಅಂಗಡಿಯ ರಫೀಕ್ ಸಾಹೇಬರಿಗೂ ಹೇಳಿದೆ. ಪಕ್ಕದ ಮನೆಯ ಇಬ್ಬರು ಕರೆಯದೆಯೇ ಬಂದರು.

ಭಾನುವಾರ ಭಾವ ಸ್ನಾನ ಮಾಡಿ, ಅಕ್ಕ ಹಾಕಿಕೊಟ್ಟ ಇಸ್ತ್ರಿ ಅಂಗಿಯಲ್ಲಿ ಬಂದು ಕೂತರು. ಹಲಗೆಗೆ ಟೀವಿಯ ಪ್ಲಗ್ಗು ಸಿಕ್ಕಿಸಿ ಸ್ವಿಚ್ಚು ಹಾಕಿದೆ. ಬಲ್ಬು ಪೂರ್ತಿ ಉರಿಯಿತು.

ಭಾವ ಒಂದು ಕ್ಷಣವೂ ಯೋಚಿಸಲಿಲ್ಲ. ಎಡಗೈ ಎತ್ತಿ ನೇರ ಪ್ಲಗ್ಗನ್ನು ತೋರಿಸಿ, "ಅದೇ" ಎಂದರು. ಗೋಡೆಯಿಂದ ಶುರು ಮಾಡು — ಅವರದೇ ಪಾಠ, ಅವರು ತಪ್ಪಿಸುತ್ತಾರೆಯೇ? ನಾನು ಜನರ ಕಡೆ ತಿರುಗಿ ಹೇಳಿದೆ: "ಸ್ವಿಚ್ ಆಫ್ ಮಾಡು ಅಂತಿದಾರೆ." ಆಫ್ ಮಾಡಿದೆ. ಅದು ಮೊದಲನೆಯ ಸುಳ್ಳು.

ಅವರು ತಲೆ ಅಲ್ಲಾಡಿಸಿ, ಮುಂದೆ ಬಾಗಿ, ಮತ್ತೆ ಪ್ಲಗ್ಗನ್ನೇ ತೋರಿಸಿದರು. "ಅದೇ. ಅದೇ." ನಾನು, "ಆಯ್ತು ಭಾವ, ಬಿಚ್ಚಿದೆ" ಎಂದು ಟೀವಿಯ ಹಿಂಬದಿಯ ಸ್ಕ್ರೂಗಳಿಗೆ ಕೈ ಹಾಕಿದೆ. "ಬೋರ್ಡು ನೋಡ್ಬೇಕಂತೆ" ಎಂದು ಮೇಷ್ಟ್ರಿಗೆ ಅರ್ಥ ಹೇಳಿದೆ. ಇದು ಎರಡನೆಯದು.

ಬೋರ್ಡು ತೆರೆದು ಟೆಸ್ಟರು ಓಡಿಸಲು ಶುರು ಮಾಡಿದೆ. ಭಾವನಿಗೆ ಬೋರ್ಡಿನ ಮೇಲೆ ಕಣ್ಣೇ ಇಲ್ಲ. ಕಣ್ಣು ಹಲಗೆಯ ಕಡೆಗೇ. ಪ್ಲಗ್ಗು ನೋಡುತ್ತಾ "ಅದೇ" ಎಂದರು. ನನ್ನ ಟೆಸ್ಟರು ಆಗ ಎಲ್ಲಿತ್ತೋ ಆ ಬಿಡಿಭಾಗಕ್ಕೆ ಮೀಟರು ಹಚ್ಚಿ, "ಇದು ಸರಿ ಇದೆ ಭಾವ, ಇದಲ್ಲ" ಎಂದೆ. ಮತ್ತೆ "ಅದೇ." ಮತ್ತೆ ಇನ್ನೊಂದಕ್ಕೆ ಮೀಟರು. "ಇದೂ ಅಲ್ಲ." ಮೂರನೆಯ ಸಲ ಅವರ ದನಿ ಒಡೆಯಿತು. "ಅದೇ! ಅದೇ!" — ಎಡಗೈ ಗಾಳಿಯಲ್ಲಿ ಬೀಸುತ್ತಿತ್ತು, ತುಟಿಯ ಬಿದ್ದ ಬದಿಯಿಂದ ಜೊಲ್ಲು ಇಳಿಯುತ್ತಿತ್ತು, ಇಸ್ತ್ರಿ ಅಂಗಿಯ ಮೇಲೆ. ಪಕ್ಕದ ಮನೆಯವನೊಬ್ಬ ಕಿಸಕ್ಕನೆ ನಕ್ಕ. "ಇವತ್ತು ಎಲ್ಲವೂ ಅದೇ ಆಗಿಬಿಟ್ಟಿದೆ" ಎಂದ. ನಾನು ಅವನನ್ನು ಗದರಲಿಲ್ಲ. ನಗು ಬಂದರೂ ತಡೆದುಕೊಳ್ಳುತ್ತಿದ್ದೇನೆ ಎನ್ನುವ ಮುಖ ಮಾಡಿದೆ. ಅಷ್ಟು ಮಾಡಿದ್ದೇ ಸಾಕಾಯಿತು, ಮಿಕ್ಕವರೂ ನಕ್ಕರು. ಮೇಷ್ಟ್ರು ಮಾತ್ರ ನಗದೆ, "ಪಾಪ, ಸುಸ್ತಾಗಿದ್ದಾರೆ ಬಿಡು" ಎಂದರು. ಆ ಪಾಪ ಎಂಬ ಮಾತು ಭಾವನಿಗೆ ನಗುವಿಗಿಂತ ಹೆಚ್ಚು ತಾಗಿತು. ಅದು ತಾಗಿದ್ದನ್ನು ನಾನು ನೋಡಿದೆ, ನೋಡಿ ಇನ್ನೂ ಸ್ವಲ್ಪ ಹೊತ್ತು ಟೆಸ್ಟರು ಓಡಿಸಿದೆ.

ಆಮೇಲೆ ಏನೋ ಹೊಳೆದವನ ಹಾಗೆ ಹಲಗೆಯ ಕಡೆ ಹೋಗಿ ಪ್ಲಗ್ಗು ಕಿತ್ತು, ಸ್ಕ್ರೂ ಬಿಚ್ಚಿ, ಒಳಗಿನ ತಾಮ್ರದ ಎಳೆಯನ್ನು ಇಕ್ಕಳದಲ್ಲಿ ಎತ್ತಿ ಎಲ್ಲರಿಗೂ ತೋರಿಸಿದೆ.

"ಪ್ಲಗ್ಗು ಭಾವ! ಬರೀ ಪ್ಲಗ್ಗು. ಗೋಡೆಯಿಂದ ಶುರು ಮಾಡು ಅಂತ ನಂಗೆ ಮೊದಲನೇ ದಿನ ಕಲಿಸಿದ್ದು ನೀವೇ. ಮರ್ತೇ ಹೋಯ್ತಾ?"

ಸದ್ದು ಕೇಳಿ ಅಕ್ಕ ಆಗಷ್ಟೇ ಅಡುಗೆಮನೆಯಿಂದ ಹೊರಗೆ ಬಂದಿದ್ದಳು. ರಫೀಕ್ ಸಾಹೇಬರು ಹುಬ್ಬು ಗಂಟಿಕ್ಕಿ, "ಅಲ್ಲ ಮಾರಾಯ, ಅವರು ಆಗ್ಲಿಂದ ಪ್ಲಗ್ಗೇ ತೋರಿಸ್ತಿದ್ರಲ್ವಾ? ನಂಗೆ ಹಂಗೇ ಕಾಣ್ತಿತ್ತು" ಎಂದರು.

ಭಾವ ತಟ್ಟನೆ ಅವರ ಕಡೆ ತಿರುಗಿದರು. ಆ ಮುಖದಲ್ಲಿ — ಅದನ್ನು ಹೇಗೆ ಬರೆಯಲಿ — ಮುಳುಗುವವನಿಗೆ ದಡದಲ್ಲಿ ಯಾರೋ ಕಂಡ ಹಾಗೆ. ಅಲ್ಲಿಗೆ ನಿಲ್ಲಿಸಬಹುದಿತ್ತು. ಹೌದಾ, ನನಗೆ ಗೊತ್ತಾಗಲಿಲ್ಲ ಎಂದಿದ್ದರೆ ಸಾಕಿತ್ತು, ನನ್ನ ಆಟವೂ ಮುಗಿಯುತ್ತಿತ್ತು, ಅವರೂ ಉಳಿಯುತ್ತಿದ್ದರು. ನಾನು ಹೇಳಿದ್ದು ಇದು, ಮೂರನೆಯ ಸುಳ್ಳು:

"ಇಲ್ಲ ಸಾಹೇಬ್ರೆ. ಎರಡು ವರ್ಷದಿಂದ ಇವರ ಕೈಸನ್ನೆ ನೋಡ್ತಿರೋನು ನಾನು. ಪ್ಲಗ್ಗು ತೋರಿಸಿದ್ರೆ ನಂಗೆ ಗೊತ್ತಾಗ್ತಿರಲಿಲ್ವಾ? ಇವರ ಕೈ ಸುಮ್ನೆ ಎಲ್ಲೆಲ್ಲೋ ಹೋಗ್ತಿತ್ತು."

ಸಾಹೇಬರು, "ಹೌದೇನೋ, ನಿಂಗೇ ಚೆನ್ನಾಗಿ ಗೊತ್ತು" ಎಂದರು. ಭಾವ ನಿಧಾನವಾಗಿ ತಮ್ಮ ಎಡಗೈಯನ್ನು ಮುಖದ ಮುಂದೆ ತಂದು ನೋಡಿದರು. ಅಂಗೈ ನೋಡಿದರು, ತಿರುಗಿಸಿ ಹಿಂಗೈ ನೋಡಿದರು. ತಾನು ಅಂದುಕೊಂಡದ್ದನ್ನು ಬಾಯಿ ಆಡದೆ ಎರಡು ವರ್ಷವಾಗಿತ್ತು. ಇನ್ನು ಈ ಕೈಯೂ ಹಾಗೆಯೇ ಏನು? ತಾನು ತೋರಿಸಿದ್ದು ಪ್ಲಗ್ಗೋ, ಅಥವಾ ಪ್ಲಗ್ಗು ಎಂದು ಅಂದುಕೊಂಡು ಬೇರೇನನ್ನೋ? ಅವರ ತಲೆಯಲ್ಲಿ ಆ ಹೊತ್ತು ಓಡಿದ್ದು ಇದೇ ಎಂದು ನನಗೆ ಗೊತ್ತು. ಅವರ ಸನ್ನೆ ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ, ಆ ಮಾತು ಮಾತ್ರ ನಾನು ಅವತ್ತು ಹೇಳಿದ ಒಂದೇ ಸತ್ಯ. ಆ ಕೈಯನ್ನು ತೊಡೆಯ ಮೇಲೆ ಮಡಿಸಿಟ್ಟುಕೊಂಡರು. ನಾನು ಪ್ಲಗ್ಗು ಮುಚ್ಚಿ ಸಿಕ್ಕಿಸಿದೆ, ಟೀವಿ ಹತ್ತಿತು, ಯಾವುದೋ ಜಾಹೀರಾತು ಬರುತ್ತಿತ್ತು, ಎಲ್ಲರೂ ಅದನ್ನು ನೋಡುವವರಂತೆ ನಿಂತರು.

ಗೆದ್ದೆ ಅನಿಸಿತ್ತು. ಮಧ್ಯಾಹ್ನ ಹೊಟ್ಟೆ ತುಂಬ ಉಂಡೆ, ನಿದ್ದೆಯೂ ಬಂತು. ಪಶ್ಚಾತ್ತಾಪ ಆಗಲೇ ಶುರುವಾಯಿತು ಎಂದು ಬರೆದರೆ ಕೇಳಲು ಚೆನ್ನಾಗಿರುತ್ತದೆ. ಆಗಿರಲಿಲ್ಲ.

ಸೋಮವಾರ ಒಂದು ಸೆಟ್ಟು ಬಂತು. ಕರೆದೆ, ಭಾವ ಬರಲಿಲ್ಲ. ಗೋಡೆಯ ಕಡೆ ಮುಖ ಮಾಡಿಕೊಂಡರು. ಮಂಗಳವಾರವೂ ಹಾಗೆಯೇ. ಅಕ್ಕ ಕೈ ಹಿಡಿದು ಎಳೆದು ತಂದು ಕೂರಿಸಿದರೆ, ಟೆಸ್ಟರು ಓಡಿಸಿದಾಗ ಕಣ್ಣು ಮುಚ್ಚಿಕೊಂಡರು. "ಅದೇ" ಎನ್ನುವುದನ್ನೂ ನಿಲ್ಲಿಸಿದರು. ಬಂದವರಿಗೆ ನಾನು ದನಿ ತಗ್ಗಿಸಿ, "ಭಾವನಿಗೆ ಈಗ ಮೊದಲಿನಂಗೆ ಆಗ್ತಿಲ್ಲ. ಒತ್ತಾಯ ಮಾಡೋದು ಬೇಡ" ಎನ್ನುತ್ತಿದ್ದೆ. ಎಷ್ಟು ಒಳ್ಳೆಯ ಬಾಮೈದ ಎಂದು ಜನ ಹೇಳಿಕೊಂಡರು. ಆ ಮಾತನ್ನೂ ನಾನು ಬಿಡದೆ ತಿಂದೆ.

ಕೆಲವು ತಿಂಗಳಲ್ಲಿ ಭಾವ ಸ್ವಿಚ್ಚು ಹಾಕಲೂ ಹೆದರತೊಡಗಿದರು. ಫ್ಯಾನಿನ ಸ್ವಿಚ್ಚಿನ ಹತ್ತಿರ ಕೈ ಒಯ್ದು, ಅಕ್ಕನ ಮುಖ ನೋಡಿ, ಇದೇ ಹೌದೋ ಎಂದು ಕಣ್ಣಲ್ಲಿ ಕೇಳುತ್ತಿದ್ದರು. ಎಡಗೈಯಲ್ಲಿ ತಾವೇ ಊಟ ಮಾಡುತ್ತಿದ್ದವರು, ತುತ್ತು ಬಾಯಿಗೆ ಹೋಗುತ್ತದೋ ಇಲ್ಲವೋ ಎಂದು ಅನುಮಾನ ಬಂದವರಂತೆ ಅರ್ಧಕ್ಕೇ ನಿಲ್ಲಿಸುತ್ತಿದ್ದರು. ಅಕ್ಕ ಉಣ್ಣಿಸಬೇಕಾಯಿತು. ಎರಡನೇ ಸಲ ಲಕ್ವ ಹೊಡೆದಿದೆಯೇನೋ ಎಂದು ಅಕ್ಕನಿಗೆ ದಿಗಿಲು. ಶಿವಮೊಗ್ಗಕ್ಕೆ ಕರೆದುಕೊಂಡು ಹೋದೆವು. ಕಾರಿನಲ್ಲಿ ಭಾವನ ತಲೆ ನನ್ನ ಭುಜದ ಮೇಲಿತ್ತು. ಸ್ಕ್ಯಾನ್ ನೋಡಿದ ಡಾಕ್ಟರು, "ಹೊಸದೇನೂ ಆಗಿಲ್ಲ. ಮೊದಲಿಗಿಂತ ಚೆನ್ನಾಗಿರಬೇಕಿತ್ತು. ಯಾಕೆ ಹೀಗಾದರು, ಮನೆಯಲ್ಲಿ ಏನಾದರೂ ನಡೆಯಿತೇ?" ಎಂದು ಕೇಳಿದರು. ಅಕ್ಕ ನನ್ನ ಮುಖ ನೋಡಿದಳು. ನಾನು, "ಏನೂ ಇಲ್ಲ ಸಾರ್" ಎಂದೆ.

ಅದಾಗಿ ಒಂದು ವರ್ಷಕ್ಕೆ ನರಸಿಂಹರಾಜಪುರದಲ್ಲಿ ಸ್ವಂತ ಅಂಗಡಿ ಹಾಕಿದೆ. ಅಲ್ಲಿ ಯಾರಿಗೂ ಕಿಟ್ಟಣ್ಣ ಗೊತ್ತಿಲ್ಲ. ನನ್ನದೇ ಹೆಸರು, ನನ್ನದೇ ತಲೆ. ವ್ಯಾಪಾರ ಚೆನ್ನಾಗಿಯೇ ಇದೆ. ಕೆಲಸದಲ್ಲಿ ನಾನು ಕೆಟ್ಟವನೇನಲ್ಲ, ಆ ದಿನವೂ ಆಗಿರಲಿಲ್ಲ — ಅದೇ ತಮಾಷೆ. ಯಾರನ್ನೂ ಬೀಳಿಸದೆಯೇ ನಾನು ಇಷ್ಟು ದೂರ ಬರುತ್ತಿದ್ದೆ.

ಆ ಭಾನುವಾರ ಕಳೆದು ಎಂಟು ವರ್ಷವಾಯಿತು. ಹೋದ ತಿಂಗಳು ಕಮ್ಮರಡಿಗೆ ಹೋಗಿದ್ದೆ. ಜಗಲಿಯಲ್ಲಿ ಕೂತು ಎಲ್ಲರೂ ಟೀವಿ ನೋಡುತ್ತಿದ್ದ ಹಾಗೇ ಅದು ಪಟ್ಟನೆ ಆರಿತು. ಬರೀ ಕರೆಂಟು ಹೋಗಿದ್ದು, ಐದು ನಿಮಿಷಕ್ಕೆ ಬಂತು. ಆದರೆ ಪರದೆ ಕಪ್ಪಾದ ಆ ಕ್ಷಣದಲ್ಲಿ ಭಾವನ ಕಡೆ ನೋಡಿದೆ. ಅವರು ತಮ್ಮ ಎಡಗೈಯನ್ನು ಬೇಗಬೇಗ ಶಾಲಿನೊಳಗೆ ಸೇರಿಸಿಕೊಳ್ಳುತ್ತಿದ್ದರು. ಯಾರಾದರೂ ಏನಾಗಿದೆ ಹೇಳಿ ಎಂದು ಕೇಳಿಬಿಟ್ಟಾರು ಎಂಬ ಭಯ. ಅರವತ್ತೈದು ದಾಟಿದ ಮನುಷ್ಯ. ನನಗೆ ಕೈ ಹಿಡಿದು ಬೆಸುಗೆ ಹಾಕುವುದನ್ನು ಕಲಿಸಿದ ಕೈ.

ಅವತ್ತು ಹೇಳಲಾಗಲಿಲ್ಲ. ಮುಂದಿನ ಭಾನುವಾರ ಹೇಳಬೇಕೆಂದೇ ಹೋದೆ. ಅವರ ಕುರ್ಚಿಯ ಮುಂದೆ ನೆಲದ ಮೇಲೆ ಕೂತೆ. ಅಕ್ಕ ಬಾಗಿಲಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಇರಲಿ, ಅವಳೂ ಕೇಳಲಿ ಎಂದುಕೊಂಡೆ.

"ಭಾವ, ಆ ದಿನ ನೀವು ತೋರಿಸಿದ್ದು ಪ್ಲಗ್ಗನ್ನೇ. ಮೊದಲನೇ ಸಲವೇ ತೋರಿಸಿದ್ರಿ. ನಾನು ಬೇಕಂತಲೇ ಜನರಿಗೆ ಸುಳ್ಳು ಅರ್ಥ ಹೇಳಿದೆ. ತಂತಿ ಇಟ್ಟಿದ್ದೂ ನಾನೇ. ನಿಮ್ಮ ತಲೆಗೆ ಏನೂ ಆಗಿಲ್ಲ, ಕೈಗೂ ಏನೂ ಆಗಿಲ್ಲ. ಹೊಟ್ಟೆಕಿಚ್ಚಿಗೆ ಮಾಡಿದೆ ಭಾವ."

ಅವರು ಗಮನವಿಟ್ಟು ಕೇಳಿದರು. ಕಿರುಚಬಹುದು, ಉಗುಳಬಹುದು, ಆ ಎಡಗೈಯಲ್ಲಿ ಕೆನ್ನೆಗೆ ಬಾರಿಸಬಹುದು — ಬಾರಿಸಲಿ ಎಂದು ಮುಖ ಮುಂದೆ ಮಾಡಿಯೇ ಕೂತಿದ್ದೆ. ಭಾವ ನಕ್ಕರು. ಎಂಟು ವರ್ಷದಲ್ಲಿ ಮೊದಲ ಸಲ. ನಿಧಾನವಾಗಿ ತಲೆ ಅಲ್ಲಾಡಿಸಿ, ಶಾಲಿನಿಂದ ಕೈ ತೆಗೆದು ನನ್ನ ಬಾಯಿಗೆ ಅಡ್ಡ ಇಟ್ಟರು. ಅದರ ಅರ್ಥವನ್ನು ಈ ಸಲ ಹೇಳಿದವಳು ಅಕ್ಕ. ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಾ ಎದ್ದು ಬಂದಳು.

"ಎಂತ ಮನಸ್ಸು ಮಾರಾಯ ನಿಂದು! ಇವರ ಸಮಾಧಾನಕ್ಕೆ ಎಲ್ಲಾ ನಿನ್ನ ಮೇಲೇ ಹಾಕ್ಕೊಂಡ್ಯಲ್ಲ. ಸಾಕು ಅಂತಿದಾರೆ ನೋಡು ಇವರು. ಇವರಿಗೂ ಗೊತ್ತಾಗ್ತದೆ."

"ಸಮಾಧಾನಕ್ಕಲ್ಲ ಅಕ್ಕ. ನಿಜ ಹೇಳ್ತಿದೀನಿ. ನಾನೇ ಮಾಡಿದ್ದು."

"ಆಯ್ತು ಆಯ್ತು. ಒಡಹುಟ್ಟಿದವಳಿಗೆ ಗೊತ್ತಿಲ್ವಾ ನೀ ಎಂಥವನು ಅಂತ? ಏಳು, ಊಟಕ್ಕೆ ಏಳು."

ಮತ್ತೆ ಹೇಳಿದೆ. ಪ್ಲಗ್ಗು ತಂದು ಬಿಚ್ಚಿ ತೋರಿಸಲು ಹೋದೆ. ಭಾವ ಕಣ್ಣು ಮುಚ್ಚಿಕೊಂಡು ಕೈಯನ್ನು ಮತ್ತೆ ಶಾಲಿನೊಳಗೆ ಸೇರಿಸಿಕೊಂಡರು, ಅಕ್ಕ ಅದನ್ನು ನನ್ನ ಕೈಯಿಂದ ಕಿತ್ತುಕೊಂಡಳು. ಮೇಷ್ಟ್ರ ಮನೆಗೆ ಹೋಗಿ ಹೇಳಿದೆ, ಅವರಿಗೆ ಈಗ ಎಂಬತ್ತು, "ಯಾವ ಭಾನುವಾರ?" ಎಂದರು. ಕಣ್ಣಾರೆ ಕಂಡು ಬಾಯಿಬಿಟ್ಟು ಹೇಳಿದ್ದ ಒಬ್ಬರೇ ಮನುಷ್ಯ ರಫೀಕ್ ಸಾಹೇಬರು. ಅವರು ತೀರಿಕೊಂಡು ಮೂರು ವರ್ಷವಾಯಿತು. ನಾನು ಸುಳ್ಳನ್ನು ಅಷ್ಟು ಚೆನ್ನಾಗಿ ಕೂರಿಸಿದ್ದೇನೆ.

ಆ ಮಧ್ಯಾಹ್ನ ಅಕ್ಕ ನನಗೆ ದೊಡ್ಡ ಎಲೆ ಹಾಕಿ, ಹಪ್ಪಳ ಕರಿದು, ಪಾಯಸ ಮಾಡಿ ಬಡಿಸಿದಳು. ಭಾವನ ಎಲೆಯ ಹಪ್ಪಳವನ್ನೂ ಅವರು ನನ್ನ ಕಡೆಗೇ ತಳ್ಳಿದರು. ತಿಂದೆ.

ಇದನ್ನು ಬರೆದು ಅಚ್ಚಿಗೆ ಕೊಟ್ಟದ್ದು ಅಕ್ಕನಿಗಾಗಿ. ಬಾಯಲ್ಲಿ ಹೇಳಿದರೆ ಅವಳಿಗೆ ನನ್ನ ಒಳ್ಳೆಯತನವೇ ಕೇಳಿಸುತ್ತದೆ. ಅಚ್ಚಾದದ್ದನ್ನು ಅವಳು ಎರಡೆರಡು ಸಲ ಓದುವವಳು, ಯಾರ ಸಮಾಧಾನಕ್ಕೂ ಯಾರೂ ತನ್ನ ಪಾಪವನ್ನು ಊರಿಗೆಲ್ಲ ಸಾರುವುದಿಲ್ಲ ಎಂಬುದು ಅವಳಿಗೆ ಹೊಳೆಯುತ್ತದೆ. ನಾನೇ ಒಯ್ದು ಕೊಡುತ್ತೇನೆ. ಅವಳು ನಂಬಿದರೆ ಭಾವನನ್ನೂ ನಂಬಿಸಿಯಾಳು. ನನ್ನಿಂದ ಅದು ಇನ್ನು ಸಾಧ್ಯವಿಲ್ಲ. ಅವಳು ನಂಬಿದ ದಿನದಿಂದ ಆ ಮನೆಯಲ್ಲಿ ನನಗೆ ಎಲೆ ಹಾಕುವುದಿಲ್ಲ. ಹಾಕಬೇಡ ಅಕ್ಕ.